ಪ್ರತಿ ತೆಗೆಯುವ ಆಜ್ಞೆಯೂ ಪ್ರತಿಯ ಪರೀಕ್ಷೆಯೂ

ಮನೆಯಲ್ಲಿ ಕಂಪ್ಯೂಟರನ್ನಿಟ್ಟುಕೊಂಡಿರುವ ವಾಚಕರು ಕೆಲವರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿರುವರು. ಮದುವೆ ಮುಂಜಿಗಳ ಚಿತ್ರಗಳು, ಹೊಲದ ಪಹಣಿಯ ಛಾಯಾಪ್ರತಿ, ಮಕ್ಕಳ ಅಂಕಪಟ್ಟಿಗಳು, ಅಂಗಡಿಯ ಲೆಕ್ಕ, ಗತಿಸಿದ ಹಿರಿಯರ ಧ್ವನಿ, ಹಿಂದೆ ಕಬ್ಬಿಣದ ಪೆಟ್ಟಿಗೆಯಲ್ಲಿಯೂ ನೆನಪಿನಲ್ಲಿಯೂ ಇರುತ್ತಿದ್ದ ಇವೆಲ್ಲವೂ ಈಗ ಅಂಗೈಯಗಲದ ಒಂದು ಡಿಸ್ಕಿನಲ್ಲಿ ಸೇರಿಕೊಂಡಿರುವುವು. ಅದು ಒಂದು ದಿನ ಕೆಟ್ಟು ನಿಂತರೆ ಗತಿಯೇನು? ಮತ್ತೊಂದು ಡಿಸ್ಕಿಗೆ ಪ್ರತಿ ತೆಗೆದಿಡಬೇಕೆಂಬುದು ಯಾರಿಗೂ ತಿಳಿಯದ ವಿಷಯವಲ್ಲ. ತೆಗೆಯುವವರು ಯಾರೆಂಬುದೇ ಪ್ರಶ್ನೆ. ಹೊಸ ಡಿಸ್ಕನ್ನು ಕೊಂಡು ತಂದ ವಾರದಲ್ಲಿ ಮನೆಯವರೆಲ್ಲರಿಗೂ ಉತ್ಸಾಹವಿರುವುದು; ಯುಗಾದಿಗೆ ತೆಗೆದ ಪ್ರತಿಯು ದೀಪಾವಳಿಗೂ ಅದೇ ಪ್ರತಿಯಾಗಿ ಉಳಿದಿರುವುದು. ಮನುಷ್ಯಸ್ವಭಾವವು ಹೀಗಿರುವುದರಿಂದ, ಗೊತ್ತಾದ ಹೊತ್ತಿಗೆ ಯಂತ್ರವೇ ತಾನಾಗಿ ಪ್ರತಿ ತೆಗೆದುಕೊಳ್ಳುವಂತೆ ಅದಕ್ಕೊಂದು ಆಜ್ಞಾಪತ್ರವನ್ನು ಬರೆದಿಡುವ ಕ್ರಮವು ಬಳಕೆಯಲ್ಲಿದೆ. ಬಲ್ಲವರು ಅದನ್ನು ಸ್ಕ್ರಿಪ್ಟ್ ಎನ್ನುವರು. ಈ ತಿಂಗಳು ಅದರ ವಿಷಯವನ್ನು ಹೇಳುವೆನು. ಅದರ ಉಪಕಾರವನ್ನು ಮಾತ್ರವಲ್ಲದೆ, ಉಪಕಾರ ಮಾಡುತ್ತಿರುವಾಗಲೇ ಅದರಿಂದಾಗಬಹುದಾದ ಅನರ್ಥವನ್ನೂ ಹೇಳಬೇಕಾಗಿದೆ.

ಪ್ರತಿಯೆಂಬುದರ ಬೆಲೆಯನ್ನು ತಿಳಿಯುವುದಕ್ಕೆ ನಮ್ಮ ಸೀಮೆಯವರು ದೂರ ಹೋಗಬೇಕಾದುದಿಲ್ಲ. ಚಿಟಗುಪ್ಪೆಯಿಂದ ಹೊರಟು ಹುಮನಾಬಾದನ್ನು ದಾಟಿ ಮುಂದೆ ಹೋದರೆ ಬಸವಕಲ್ಯಾಣವು ಸಿಕ್ಕುವುದು. 12ನೆಯ ಶತಮಾನದಲ್ಲಿ ಅಲ್ಲಿ ಕ್ಷೋಭೆಯುಂಟಾಗಿ ಶರಣರು ಚದುರಿದಾಗ, ವಚನಗಳ ಕಟ್ಟುಗಳನ್ನು ಹೊತ್ತುಕೊಂಡು ಉಳವಿಯವರೆಗೂ ನಡೆದರೆಂದು ಪರಂಪರೆಯು ಹೇಳುವುದು. ಮುಂದಿನ ಶತಮಾನಗಳಲ್ಲಿ ಆ ವಚನಗಳು ಯಾವುದೋ ಒಂದು ಊರಿನ ಒಂದು ಭಂಡಾರದಲ್ಲಿ ಕುಳಿತಿರಲಿಲ್ಲ. ಮಠಗಳಲ್ಲಿಯೂ ಗೃಹಸ್ಥರ ದೇವರ ಜಗಲಿಯ ಮೇಲೆಯೂ ಓಲೆಯ ಪ್ರತಿಗಳಾಗಿ ಹರಡಿಕೊಂಡಿದ್ದುವು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಆ ಓಲೆಗಳನ್ನು ಹುಡುಕಿ ಹುಡುಕಿ ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. 1993ರಲ್ಲಿ ಕರ್ನಾಟಕ ಸರ್ಕಾರವು ‘ಸಮಗ್ರ ವಚನ ಸಂಪುಟ’ವನ್ನು 15 ಸಂಪುಟಗಳಾಗಿ ಪ್ರಕಟಿಸಿತು. ಒಂದು ಮನೆಯ ಓಲೆಗೆ ಗೆದ್ದಲು ಹಿಡಿದರೆ ಮತ್ತೊಂದು ಮನೆಯ ಓಲೆಯು ಉಳಿದಿರುತ್ತಿತ್ತು. ಒಬ್ಬ ಬರೆಹಗಾರನು ಬಿಟ್ಟ ಸಾಲನ್ನು ಮತ್ತೊಬ್ಬನು ಬರೆದಿರುತ್ತಿದ್ದನು. ಇಷ್ಟು ವಚನಗಳು ನಮ್ಮ ಕೈಗೆ ಬಂದುದಕ್ಕೆ ಈ ಹರಡಿಕೆಯೇ ಕಾರಣ.

ಇದಕ್ಕೆ ವಿಪರೀತವಾದ ಉದಾಹರಣೆಯೂ ಕನ್ನಡನಾಡಿನಲ್ಲಿಯೇ ಉಂಟು. ವೀರಸೇನಾಚಾರ್ಯರು 9ನೆಯ ಶತಮಾನದಲ್ಲಿ ಬರೆದ ‘ಧವಲಾ’ ಎಂಬ ದೊಡ್ಡ ಟೀಕೆಯು ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಮೂಡಬಿದಿರೆಯ ಬಸದಿಯೊಂದರಲ್ಲಿಯೇ ಶತಮಾನಗಳ ಕಾಲ ಉಳಿದಿತ್ತು. ಜನರು ಅದರ ದರ್ಶನವನ್ನು ಪಡೆಯುತ್ತಿದ್ದರೇ ಹೊರತು ಓದುತ್ತಿರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ, ಓಲೆಗಳು ಮುರಿದುಬೀಳುವ ಸ್ಥಿತಿಗೆ ಬಂದ ಮೇಲೆ, ಪ್ರತಿ ತೆಗೆಯುವ ಕೆಲಸವು ಆರಂಭವಾಯಿತು. ಅದು ಮುಗಿಯಲು ಸುಮಾರು ಕಾಲು ಶತಮಾನವೇ ಹಿಡಿಯಿತು. ಹೀರಾಲಾಲ ಜೈನರು ಅದರ ಮೊದಲ ಸಂಪುಟವನ್ನು ಅಚ್ಚಿಗೆ ತಂದುದು 1939ರಲ್ಲಿ. ಒಂದು ಬೆಂಕಿ, ಒಂದು ಮಳೆಗಾಲದ ಸೋರಿಕೆ ಸಾಕಾಗಿತ್ತು, ಆ ಗ್ರಂಥದ ಹೆಸರು ಮಾತ್ರ ಉಳಿಯುವುದಕ್ಕೆ.

ಓಲೆಯ ಕಾಲದ ಮಾತಾಯಿತೆಂದು ತಳ್ಳಿಹಾಕುವಂತಿಲ್ಲ. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತರ ಸಂಸ್ಥೆಗಳೂ ಕೂಡಿ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಎಂಬ ಭಂಡಾರವನ್ನು ಕಟ್ಟಿದುವು. ಕನ್ನಡವೂ ಸೇರಿ ದೇಶಭಾಷೆಗಳ ಲಕ್ಷಾಂತರ ಹಳೆಯ ಪುಸ್ತಕಗಳ ಪುಟಗಳು ಚಿತ್ರಗಳಾಗಿ ಅದರಲ್ಲಿ ಸೇರಿದುವು. 2017ರಲ್ಲಿ ಗ್ರಂಥಸ್ವಾಮ್ಯದ ಆಕ್ಷೇಪಗಳ ಕಾರಣದಿಂದ ಆ ಬಾಗಿಲು ಮುಚ್ಚಿತು. ಆದರೆ ಅಷ್ಟರಲ್ಲಿ ಅಮೆರಿಕೆಯ ಕಾರ್ಲ್ ಮಲಮೂಡ್ ಎಂಬವರ ಸಂಸ್ಥೆಯು ನಾಲ್ಕು ಲಕ್ಷಕ್ಕೂ ಮೀರಿದ ಪುಸ್ತಕಗಳ ಪ್ರತಿಯನ್ನು ತೆಗೆದು ‘ಇಂಟರ್ನೆಟ್ ಆರ್ಕೈವ್’ ಎಂಬ ಮತ್ತೊಂದು ಭಂಡಾರದಲ್ಲಿ ಇಟ್ಟಿತ್ತು. ಇಂದು ಹಳೆಯ ಕನ್ನಡ ಪುಸ್ತಕವನ್ನು ಹುಡುಕುವ ವಿದ್ಯಾರ್ಥಿಯು ಅನೇಕ ವೇಳೆ ಆ ಪ್ರತಿಯನ್ನೇ ಓದುವನು. ನಾಲ್ಕು ಲಕ್ಷ ಪುಸ್ತಕಗಳನ್ನು ಒಬ್ಬೊಬ್ಬರು ಕುಳಿತು ಬೆರಳಿನಿಂದ ಒತ್ತಿ ಇಳಿಸಿಕೊಳ್ಳುವುದು ಆಗದ ಹೋಗದ ಮಾತು. ಇಂತಹ ಕಾರ್ಯವು ಆಜ್ಞಾಪತ್ರದಿಂದಲೇ ಆಗತಕ್ಕುದು.

ಹಾಗಾದರೆ ಈ ಆಜ್ಞಾಪತ್ರವು ಎಂತಹುದು? ಕಂಪ್ಯೂಟರಿನಲ್ಲಿ ಚಿತ್ರಗಳನ್ನು ಒತ್ತಿ ಕೆಲಸ ಮಾಡಿಸುವ ಮಾರ್ಗವು ಎಲ್ಲರಿಗೂ ಪರಿಚಿತ. ಇದಕ್ಕಿಂತ ಹಳೆಯದಾದ ಇನ್ನೊಂದು ಮಾರ್ಗವುಂಟು. ಒಂದು ಕಪ್ಪು ಕಿಟಕಿಯನ್ನು ತೆರೆದು, ಮಾಡಬೇಕಾದುದನ್ನು ಅಕ್ಷರಗಳಲ್ಲಿ ಬರೆದು, ಎಂಟರ್ ಎಂಬ ಗುಂಡಿಯನ್ನು ಒತ್ತುವುದು. ಈ ಸಾಲುಗಳು ಬಹು ಸಂಕ್ಷಿಪ್ತವಾಗಿರುವುವು. ವ್ಯಾಕರಣಸೂತ್ರಗಳನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅರ್ಧ ಮಾತ್ರೆಯ ಉಳಿತಾಯಕ್ಕೂ ಸಂತೋಷಪಟ್ಟ ಪಂಡಿತರ ಮನೋಧರ್ಮವೇ ಇಲ್ಲಿಯೂ ಕಾಣುವುದು. ಇಂತಹ ನಾಲ್ಕಾರು ಸಾಲುಗಳನ್ನು ಒಂದು ಫೈಲಿನಲ್ಲಿ ಕ್ರಮವಾಗಿ ಬರೆದಿಟ್ಟರೆ ಅದೇ ಸ್ಕ್ರಿಪ್ಟ್. ಯಂತ್ರವು ಮೇಲಿನಿಂದ ಕೆಳಗೆ ಓದುತ್ತ ಒಂದೊಂದನ್ನೂ ನಡೆಸುವುದು.

ಪ್ರತಿ ತೆಗೆಯುವುದಕ್ಕೆ ಲೀನಕ್ಸ್ ಯಂತ್ರಗಳಲ್ಲಿ ಆರ್‌ಸಿಂಕ್ ಎಂಬ ಆಜ್ಞೆಯು ಪ್ರಸಿದ್ಧವಾಗಿದೆ. ಆಂಡ್ರೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಾಸ್ ಎಂಬವರು 1996ರಲ್ಲಿ ಇದನ್ನು ರಚಿಸಿದರು. ಇದರ ಗುಣವೇನೆಂದರೆ, ಎಲ್ಲವನ್ನೂ ಪ್ರತಿದಿನ ಮೊದಲಿನಿಂದ ಬರೆಯುವುದಿಲ್ಲ. ಮೂಲವನ್ನೂ ಪ್ರತಿಯನ್ನೂ ಹೋಲಿಸಿ ನೋಡಿ, ಹೊಸದಾಗಿ ಬಂದುದನ್ನೂ ಬದಲಾದುದನ್ನೂ ಮಾತ್ರ ಒಯ್ಯುವುದು. ಹತ್ತು ಸಾವಿರ ಚಿತ್ರಗಳಿರುವ ಮನೆಯಲ್ಲಿ ಈ ದಿನ ಐದು ಚಿತ್ರಗಳು ಸೇರಿದ್ದರೆ ಐದನ್ನು ಒಯ್ದು ಸುಮ್ಮನಾಗುವುದು. ಆಜ್ಞೆಯ ರೂಪವೂ ಸರಳ: ಮೊದಲು ಆರ್‌ಸಿಂಕ್ ಎಂಬ ಹೆಸರು, ಬಳಿಕ ಒಂದು ಅಡ್ಡಗೆರೆಯೂ ಎ ಎಂಬ ಇಂಗ್ಲಿಷ್ ಅಕ್ಷರವೂ, ಅನಂತರ ಮೂಲವಿರುವ ಫೋಲ್ಡರಿನ ಹೆಸರು, ಕೊನೆಗೆ ಪ್ರತಿಯು ಹೋಗಬೇಕಾದ ಡಿಸ್ಕಿನ ಹೆಸರು. ಮೂಲವು ಮೊದಲು, ಗುರಿಯು ಬಳಿಕ. ಈ ಕ್ರಮವು ಹಿಂದುಮುಂದಾದರೆ ಹಳೆಯ ಪ್ರತಿಯು ಬಂದು ಹೊಸ ಮೂಲದ ಮೇಲೆ ಕುಳಿತುಕೊಳ್ಳುವುದು. ವಿಂಡೋಸ್ ಯಂತ್ರಗಳಿರುವ ಮನೆಗಳೇ ಹೆಚ್ಚು; ಅವುಗಳಲ್ಲಿ ರೋಬೋಕಾಪಿ ಎಂಬ ಆಜ್ಞೆಯು ಮೊದಲೇ ಸೇರಿಕೊಂಡು ಬಂದಿರುವುದು, ಬೇರೆ ತರಬೇಕಾದುದಿಲ್ಲ. ಮುಂದೆ ಹೇಳುವ ಮಾತುಗಳು ಎರಡಕ್ಕೂ ಅನ್ವಯಿಸುವುವು.

ಇನ್ನು ಹೊತ್ತನ್ನು ಗೊತ್ತುಮಾಡುವ ವಿಷಯ. ಲೀನಕ್ಸಿನಲ್ಲಿ ಕ್ರಾನ್ ಎಂಬ ಕಾಲಪಾಲಕನಿರುವನು. ಕಾಲವಾಚಕವಾದ ಗ್ರೀಕ್ ಪದದಿಂದ ಬಂದ ಹೆಸರದು. ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಎಂಬ ಐದು ಅಂಗಗಳನ್ನು ಒಂದು ಸಾಲಿನಲ್ಲಿ ಬರೆದು ಸ್ಕ್ರಿಪ್ಟಿನ ಹೆಸರನ್ನು ಮುಂದಿಟ್ಟರೆ ಅವನು ತಪ್ಪದೆ ನಡೆಸುವನು. ಪಂಚಾಂಗದಂತೆ ಇದಕ್ಕೂ ಐದೇ ಅಂಗಗಳೆಂಬುದು ಒಂದು ವಿನೋದ. ವಿಂಡೋಸಿನಲ್ಲಿ ಈ ಕೆಲಸವನ್ನು ಟಾಸ್ಕ್ ಶೆಡ್ಯೂಲರ್ ಮಾಡುವುದು. ದೊಡ್ಡ ಕಛೇರಿಗಳಲ್ಲಿ ರಾತ್ರಿ ಎರಡು ಗಂಟೆಗೆ ಪ್ರತಿ ತೆಗೆಯುವರೆಂದು ಕೇಳಿ ಗೃಹಸ್ಥರೂ ಹಾಗೆಯೇ ಗೊತ್ತುಮಾಡಿದರೆ ನಿಷ್ಫಲ. ಆ ಹೊತ್ತಿನಲ್ಲಿ ಮನೆಯ ಯಂತ್ರವು ಆರಿರುವುದು. ಆರಿದ್ದಾಗ ತಪ್ಪಿಹೋದ ಹೊತ್ತನ್ನು ಕ್ರಾನ್ ಮತ್ತೆ ನೆನಪಿಡುವುದಿಲ್ಲ. ಸಂಜೆ ಮಕ್ಕಳು ಓದಲು ಕುಳಿತು ಯಂತ್ರವು ನಡೆಯುತ್ತಿರುವಾಗ, ಎಂಟು ಗಂಟೆಗೆ ಎಂದಿಡುವುದು ಒಳ್ಳೆಯದು. ತಪ್ಪಿದ ಹೊತ್ತನ್ನು ಯಂತ್ರವು ಎದ್ದ ಮೇಲೆ ಪೂರೈಸಬೇಕಾದರೆ ಅನಾಕ್ರಾನ್ ಎಂಬುದನ್ನು ಬಳಸಬೇಕು. ವಿಂಡೋಸಿನಲ್ಲಿ ಅದಕ್ಕೊಂದು ಗುರುತಿನ ಚೌಕವಿದೆ.

ಇಷ್ಟಾದರೆ ಕೆಲಸ ಮುಗಿಯಿತೆಂದು ತೋರುವುದು. ನಿಜವಾದ ವಿಚಾರವು ಇಲ್ಲಿಂದ ಆರಂಭವಾಗುವುದು.

ನಮ್ಮೂರಿನ ಒಂದು ಮನೆಯಲ್ಲಿ ನಡೆದುದನ್ನು ಆ ಮನೆಯವರ ಅನುಮತಿಯಿಂದ ಹೇಳುತ್ತೇನೆ. ಆ ಮನೆಯ ಹಿರಿಯಾಕೆ ಬೀಸುವ ಪದಗಳನ್ನು ಬಹಳ ಚೆನ್ನಾಗಿ ಹಾಡುತ್ತಿದ್ದರು. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗನು ರಜೆಯಲ್ಲಿ ಬಂದು ಅವರ ಹನ್ನೊಂದು ಹಾಡುಗಳನ್ನು ಮುದ್ರಿಸಿಕೊಂಡನು. ಮರುವರ್ಷ ಅವರು ತೀರಿಕೊಂಡರು. ಹುಡುಗನು ಜಾಣ, ಪ್ರತಿರಾತ್ರಿ ಮನೆಯ ಫೈಲುಗಳೆಲ್ಲ ಮತ್ತೊಂದು ಡಿಸ್ಕಿಗೆ ಹೋಗುವಂತೆ ಸ್ಕ್ರಿಪ್ಟನ್ನು ಬರೆದಿದ್ದನು. ಅದರಲ್ಲಿ ಡಿಲೀಟ್ ಎಂಬ ಒಂದು ಉಪಪದವನ್ನೂ ಸೇರಿಸಿದ್ದನು. ಅದರ ಅರ್ಥವೇನೆಂದರೆ, ಮೂಲದಲ್ಲಿ ಇಲ್ಲದುದು ಪ್ರತಿಯಲ್ಲಿಯೂ ಇರಕೂಡದು. ಎರಡೂ ಕನ್ನಡಿಯ ಹಾಗೆ ಒಂದೇ ಆಗಿರಬೇಕು. ರೋಬೋಕಾಪಿಯಲ್ಲಿ ಎಂಐಆರ್ ಎಂಬ ಮೂರಕ್ಷರಗಳು ಇದೇ ಕೆಲಸವನ್ನು ಮಾಡುವುವು. ಆಷಾಢದಲ್ಲಿ ಯಾರೋ ಸ್ಥಳ ಮಾಡಬೇಕೆಂದು ಹಳೆಯ ಫೋಲ್ಡರುಗಳನ್ನು ತೆಗೆದುಹಾಕುವಾಗ ಆ ಹಾಡುಗಳ ಫೋಲ್ಡರೂ ಹೋಯಿತು. ಆ ರಾತ್ರಿ ಸ್ಕ್ರಿಪ್ಟು ಎಂದಿನಂತೆ ನಡೆದು, ಮೂಲದಲ್ಲಿಲ್ಲವೆಂದು ಕಂಡು, ಪ್ರತಿಯಿಂದಲೂ ಅಳಿಸಿಹಾಕಿತು. ಹದಿನೈದು ದಿನಗಳ ಮೇಲೆ ವರ್ಷದ ತಿಥಿಯ ದಿವಸ ಹಾಡು ಕೇಳೋಣವೆಂದು ತೆರೆದರೆ ಎರಡು ಕಡೆಯಲ್ಲಿಯೂ ಏನೂ ಇರಲಿಲ್ಲ.

ಹುಡುಗನ ತಾಯಿ ಕೇಳಿದರಂತೆ: “ಅಳಿಸಲ್ಯಾ ಬ್ಯಾಡಾ ಅಂತ ಒಂದು ಮಾತು ಕೇಳಬಾರದಾಗಿತ್ತೇನೋ ಆ ಮಷೀನು?”

“ಕೇಳಬ್ಯಾಡ ಅಂತ ನಾನೇ ಬರದಿದ್ದೆನವ್ವಾ.”

ಜಹೀರಾಬಾದಿಗೆ ಕೊಟ್ಟ ಮಗಳ ಫೋನಿನಲ್ಲಿ ಎಂದೋ ಕಳುಹಿಸಿದ ಮೂರು ಹಾಡುಗಳು ಸಿಕ್ಕಿದುವು. ಉಳಿದ ಎಂಟು ಸಿಕ್ಕಲಿಲ್ಲ. ಆ ಹನ್ನೊಂದು ಹಾಡುಗಳೂ ಸೇರಿ ಹಿಡಿಯುತ್ತಿದ್ದ ಸ್ಥಳವು ಐವತ್ತು ಮೆಗಾಬೈಟನ್ನೂ ಮೀರಿರಲಾರದು. ಅದೇ ಡಿಸ್ಕಿನಲ್ಲಿ, ಯಾರೂ ಎರಡನೆಯ ಸಲ ನೋಡದ ಮದುವೆಯ ವಿಡಿಯೋ ಒಂದು ಅದರ ನೂರ್ಮಡಿ ಸ್ಥಳವನ್ನು ಹಿಡಿದು ಸುರಕ್ಷಿತವಾಗಿ ಕುಳಿತಿದೆ.

ಹುಡುಗನ ತಪ್ಪೆಂದು ನಾನು ಹೇಳಲಾರೆ. ಅವನು ಬರೆದುದು ಕನ್ನಡಿಯ ಆಜ್ಞೆ. ಮನೆಯವರಿಗೆ ಬೇಕಾಗಿದ್ದುದು ಭಂಡಾರ. ಇವೆರಡರ ಭೇದವನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಕನ್ನಡಿಯು ಈ ಕ್ಷಣದ ಮುಖವನ್ನು ತೋರಿಸುವುದು. ನಿನ್ನೆಯ ಮುಖವು ಬೇಕಾದರೆ ಅದರಲ್ಲಿ ಸಿಕ್ಕದು. ಆದಕಾರಣ ಗೃಹಸ್ಥರು ತಮ್ಮ ಸ್ಕ್ರಿಪ್ಟಿನಲ್ಲಿ ಡಿಲೀಟ್ ಎಂಬ ಮಾತಿದೆಯೇ ಎಂದು ಮೊಟ್ಟಮೊದಲು ನೋಡತಕ್ಕುದು. ಇದ್ದರೆ ತೆಗೆಯಿಸಬೇಕು, ಇಲ್ಲವೆ, ಅಳಿಸಲ್ಪಡುವುದೆಲ್ಲ ಆ ದಿನದ ತಾರೀಖನ್ನು ಹೊತ್ತ ಬೇರೊಂದು ಫೋಲ್ಡರಿಗೆ ಹೋಗಿ ಬೀಳುವಂತೆ ಬರೆಯಿಸಬೇಕು. ಇದಕ್ಕಿಂತಲೂ ಉತ್ತಮವಾದ ಉಪಾಯವೊಂದು ಆರ್‌ಸಿಂಕಿನಲ್ಲಿದೆ. ದಿನಕ್ಕೊಂದರಂತೆ ಹೊಸ ಫೋಲ್ಡರು ಏಳುವುದು. ಪ್ರತಿಯೊಂದರಲ್ಲಿಯೂ ಆ ದಿನ ಇದ್ದುದೆಲ್ಲ ಪೂರ್ತಿಯಾಗಿ ಕಾಣುವುದು. ಆದರೆ ನಿನ್ನೆಯಿಂದ ಬದಲಾಗದ ಫೈಲಿಗೆ ಹೊಸ ಸ್ಥಳವು ಬೇಕಾಗದು, ನಿನ್ನೆಯದನ್ನೇ ಇಂದಿನ ಹೆಸರಿನಲ್ಲಿಯೂ ಕರೆಯುವ ಏರ್ಪಾಡು ಅದು. ಲಿಂಕ್ ಡೆಸ್ಟ್ ಎಂದು ಬಲ್ಲವರನ್ನು ಕೇಳಿದರೆ ಹೇಳಿಕೊಡುವರು. ಮೂವತ್ತು ದಿನಗಳ ಮೂವತ್ತು ಫೋಲ್ಡರುಗಳು ಒಂದೇ ಡಿಸ್ಕಿನಲ್ಲಿ ಸುಖವಾಗಿ ಇರಬಲ್ಲುವು.

ಎರಡನೆಯ ಅಪಾಯವು ಹೆಸರಿಗೆ ಸಂಬಂಧಿಸಿದುದು. ಪೂಜಾಪದ್ಧತಿಯ ಪುಸ್ತಕಗಳಲ್ಲಿ ಸಂಕಲ್ಪದ ವಾಕ್ಯವನ್ನು ಅಚ್ಚು ಹಾಕುವಾಗ ಗೋತ್ರದ ಹೆಸರೂ ಯಜಮಾನನ ಹೆಸರೂ ಬರಬೇಕಾದೆಡೆಯಲ್ಲಿ ‘ಅಮುಕ’ ಎಂದಿರುವುದು. ಪುರೋಹಿತರು ಅಲ್ಲಿ ತಕ್ಕ ಹೆಸರನ್ನು ಸೇರಿಸಿ ಹೇಳುವರು. ಸೇರಿಸಲು ಮರೆತರೆ ಕೇಳುವವರಿಗೆ ನಗು ಬರುವುದು, ಅಷ್ಟೇ. ಸ್ಕ್ರಿಪ್ಟಿನಲ್ಲಿಯೂ ಇಂತಹ ಅಮುಕಗಳಿರುವುವು. “ಅಮುಕ ಫೋಲ್ಡರಿನೊಳಗಿನ ಹಳೆಯ ಫೈಲುಗಳನ್ನು ಅಳಿಸು” ಎಂದು ಬರೆದು, ಆ ಅಮುಕದ ಬೆಲೆಯನ್ನು ಮೇಲೆ ಬೇರೆಯಾಗಿ ಹೇಳಿರುವರು. ಹೇಳಿದ ಬೆಲೆಯು ಹೇಗೋ ಬಿಟ್ಟುಹೋದರೆ ಯಂತ್ರವು ನಗುವುದಿಲ್ಲ. ಅಮುಕವನ್ನು ಶೂನ್ಯವೆಂದು ತಿಳಿದು ವಾಕ್ಯದ ಉಳಿದ ಭಾಗವನ್ನು ನಡೆಸುವುದು. ಆಗ ಒಂದು ಫೋಲ್ಡರಿಗೆ ಹೇಳಿದುದು ಎಲ್ಲ ಫೋಲ್ಡರುಗಳಿಗೂ ಅನ್ವಯಿಸುವುದು.

ಇದು ಊಹೆಯಲ್ಲ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಮಹಾಗಣಕದಲ್ಲಿ 2021ರ ಡಿಸೆಂಬರಿನಲ್ಲಿ ನಡೆದ ಸಂಗತಿ. ಹಳೆಯ ದಿನಚರಿಯ ಫೈಲುಗಳನ್ನು ಮಾತ್ರ ಅಳಿಸುವ ಒಂದು ಸ್ಕ್ರಿಪ್ಟು ಪ್ರತಿಗಳ ಕಾರ್ಯಕ್ರಮದೊಳಗೆ ಸೇರಿತ್ತು. ಅದನ್ನು ಇನ್ನಷ್ಟು ಓದಲು ಸುಲಭವಾಗುವಂತೆ ತಿದ್ದಿದರು. ತಿದ್ದಿದುದನ್ನು ಹಳೆಯದರ ಮೇಲೆ ಹಾಕುವಾಗ ಹಳೆಯದು ಇನ್ನೂ ನಡೆಯುತ್ತಿತ್ತು. ಈ ಜಾತಿಯ ಆಜ್ಞಾಪತ್ರವನ್ನು ಯಂತ್ರವು ಒಮ್ಮೆಲೇ ಓದಿ ಮುಗಿಸುವುದಿಲ್ಲ, ಓದುತ್ತ ನಡೆಸುತ್ತ ಹೋಗುವುದು. ಅರ್ಧ ಹಳೆಯ ಪತ್ರ, ಅರ್ಧ ಹೊಸ ಪತ್ರ ಆಯಿತು. ಹೊಸ ಪತ್ರದಲ್ಲಿ ಬೇಕಾದ ಹೆಸರಿಗೆ ಬೆಲೆಯೇ ಇರಲಿಲ್ಲ. ಸುಮಾರು 77 ಟೆರಾಬೈಟುಗಳಷ್ಟು, ಅಂದರೆ ಮೂರು ಕೋಟಿ ನಲವತ್ತು ಲಕ್ಷದಷ್ಟು ಫೈಲುಗಳು ಅಳಿಸಿಹೋದುವು. 14 ಸಂಶೋಧಕ ತಂಡಗಳ ಕೆಲಸವದು. ಅವರಲ್ಲಿ ನಾಲ್ಕು ತಂಡಗಳ ಫೈಲುಗಳನ್ನು ಮರಳಿ ಪಡೆಯಲಾಗಲಿಲ್ಲ. ವಿದ್ವಾಂಸರ ವರ್ಷಗಳ ಶ್ರಮವನ್ನು ಕಾಪಾಡಲೆಂದು ನೇಮಿಸಿದ ಕಾವಲುಗಾರನೇ ಅದನ್ನು ಗುಡಿಸಿ ಹೊರಗೆ ಹಾಕಿದನು.

ಇದಕ್ಕೆ ಪರಿಹಾರವು ಒಂದು ಸಾಲಿನದು. ಸ್ಕ್ರಿಪ್ಟಿನ ತಲೆಯ ಮೇಲೆ ಸೆಟ್ ಎಂದು ಬರೆದು, ಅಡ್ಡಗೆರೆಯನ್ನೂ ಯು ಎಂಬ ಅಕ್ಷರವನ್ನೂ ಇಟ್ಟರೆ, ಬೆಲೆಯಿಲ್ಲದ ಅಮುಕವು ಎದುರಾದ ಕೂಡಲೆ ಯಂತ್ರವು ಮುಂದುವರಿಯದೆ ನಿಲ್ಲುವುದು. ಹೆಸರುಗಳ ನಡುವಣ ತೆರಪಿನ ವಿಷಯದಲ್ಲಿಯೂ ಜಾಗ್ರತೆ ಬೇಕು. ‘ಅಕ್ಕನ ಮದುವೆ’ ಎಂದು ಫೋಲ್ಡರಿಗೆ ಹೆಸರಿಟ್ಟರೆ ನಮಗದು ಒಂದು ಹೆಸರು, ಯಂತ್ರಕ್ಕೆ ಎರಡು. ಪದಚ್ಛೇದವನ್ನು ತಪ್ಪಾಗಿ ಮಾಡಿ ಅರ್ಥವನ್ನು ಕೆಡಿಸುವ ವಿದ್ಯಾರ್ಥಿಗಳನ್ನು ಮೂವತ್ತು ವರ್ಷ ತಿದ್ದಿದವನು ನಾನು. ಅವರಾದರೂ ಒಂದು ಸಲ ತಲೆಯೆತ್ತಿ ಮೇಷ್ಟರ ಮುಖವನ್ನು ನೋಡುತ್ತಿದ್ದರು. ಹೆಸರಿನ ಎರಡು ಪಕ್ಕಗಳಲ್ಲಿಯೂ ಉದ್ಧರಣಚಿಹ್ನೆಯನ್ನು ಹಾಕಿದರೆ ಈ ತೊಂದರೆಯಿಲ್ಲ. ಹೊಸದಾಗಿ ಬರೆದ ಯಾವ ಸ್ಕ್ರಿಪ್ಟನ್ನೂ ಮೊದಲ ಸಲ ನಿಜವಾಗಿ ನಡೆಸಕೂಡದು. ಆರ್‌ಸಿಂಕಿಗೆ ಎನ್ ಎಂಬ ಅಕ್ಷರವನ್ನು ಸೇರಿಸಿ ಹೇಳಿದರೆ ಅದು ಏನನ್ನೂ ಮುಟ್ಟದೆ, ಏನು ಮಾಡುವೆನೆಂಬುದನ್ನು ಮಾತ್ರ ಬರೆದು ತೋರಿಸುವುದು. ನಾಟಕದವರು ತಾಲೀಮು ಮಾಡುವಂತೆ ಒಂದೆರಡು ದಿನ ಹೀಗೆ ನಡೆಸಿ ನೋಡಿ, ಬಳಿಕ ರಂಗಕ್ಕೆ ಬಿಡುವುದು ಯುಕ್ತ.

ಮೂರನೆಯ ಅಪಾಯವು ಮೌನ. ಸ್ಕ್ರಿಪ್ಟು ಸೋತಾಗ ಕೂಗಿ ಹೇಳುವವರಿಲ್ಲ. ಹೊರಗಿನ ಡಿಸ್ಕನ್ನು ಯಾರೋ ಕಿತ್ತಿಟ್ಟಿದ್ದರೆ, ಅದರ ಹೆಸರಿನ ಖಾಲಿ ಫೋಲ್ಡರೊಂದು ಮೂಲಯಂತ್ರದಲ್ಲಿಯೇ ಇರುವುದುಂಟು. ಸ್ಕ್ರಿಪ್ಟು ಅದರೊಳಗೆ ನಿಷ್ಠೆಯಿಂದ ಪ್ರತಿಯನ್ನು ತುಂಬುತ್ತಿರುವುದು. ಮೂಲವೂ ಪ್ರತಿಯೂ ಒಂದೇ ಡಿಸ್ಕಿನಲ್ಲಿ ಕುಳಿತಿರುವುವು, ಮನೆಯವರು ನಿಶ್ಚಿಂತರಾಗಿರುವರು. ಇದಕ್ಕೆ ನಾನು ಕಂಡ ಸುಲಭವಾದ ಉಪಾಯವೇನೆಂದರೆ, ಹೊರಗಿನ ಡಿಸ್ಕಿನಲ್ಲಿ ‘ಗುರುತು’ ಎಂಬ ಹೆಸರಿನ ಒಂದು ಖಾಲಿ ಫೈಲನ್ನಿಟ್ಟು, ಅದು ಕಂಡರೆ ಮಾತ್ರ ಮುಂದುವರಿಯಬೇಕೆಂದು ಸ್ಕ್ರಿಪ್ಟಿನ ಆರಂಭದಲ್ಲಿಯೇ ಬರೆಯುವುದು. ಬಾಗಿಲಲ್ಲಿ ಮುಖ ಕಂಡು ಒಳಗೆ ಬಿಡುವ ಹಾಗೆ.

ದೊಡ್ಡವರೂ ಈ ಮೌನಕ್ಕೆ ಸಿಕ್ಕಿ ಕೆಟ್ಟಿರುವರು. ಪ್ರಪಂಚದ ಅನೇಕ ದೇಶಗಳ ಕಾರ್ಯಕ್ರಮಲೇಖಕರು ತಮ್ಮ ಬರೆಹಗಳನ್ನಿಡುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಒಬ್ಬ ಇಂಜಿನಿಯರರು, ದಣಿದ ರಾತ್ರಿಯಲ್ಲಿ, ಒಂದು ಯಂತ್ರದಲ್ಲಿ ಅಳಿಸಬೇಕಾದುದನ್ನು ಮತ್ತೊಂದರಲ್ಲಿ ಅಳಿಸಿದರು. ಸುಮಾರು 300 ಗಿಗಾಬೈಟುಗಳ ದಾಖಲೆಯದು. ಪ್ರತಿಗಳಿರುವುವಲ್ಲ ಎಂದು ನೋಡಲು ಹೋದರೆ, ನಿತ್ಯವೂ ತೆಗೆಯಬೇಕಾಗಿದ್ದ ಪ್ರತಿಯು ಸಿದ್ಧವಾಗುತ್ತಲೇ ಇರಲಿಲ್ಲ. ಕಾರ್ಯಕ್ರಮದ ಹೊಸ ಹಳೆಯ ಆವೃತ್ತಿಗಳಿಗೆ ಹೊಂದಿಕೆ ತಪ್ಪಿತ್ತು. ಸೋಲನ್ನು ತಿಳಿಸುವ ಕಾಗದಗಳು ಹೊರಡುತ್ತಿದ್ದುವು ಸರಿ, ಅವುಗಳನ್ನು ಅಂಚೆಯ ಯಂತ್ರವು ಸಂದೇಹದಿಂದ ತಿರಸ್ಕರಿಸುತ್ತಿತ್ತು. ಹೀಗೆ ಐದು ಬಗೆಯ ಏರ್ಪಾಡುಗಳಿದ್ದರೂ ಒಂದೂ ನೆರವಿಗೆ ಬರಲಿಲ್ಲ. ಆರು ಗಂಟೆಗಳ ಹಿಂದೆ ಬೇರಾವುದೋ ಕೆಲಸಕ್ಕೆಂದು ಒಬ್ಬರು ಕೈಯಾರೆ ತೆಗೆದಿದ್ದ ಪ್ರತಿಯೊಂದು ಸಿಕ್ಕಿ ಮಾನವುಳಿಯಿತು. ಆ ಆರು ಗಂಟೆಗಳ ಬರೆಹವು ಹೋಯಿತು. ಆ ಸಂಸ್ಥೆಯವರು ನಡೆದುದನ್ನೆಲ್ಲ ಮುಚ್ಚಿಡದೆ ಬಹಿರಂಗವಾಗಿ ಬರೆದು ಪ್ರಕಟಿಸಿದುದು ಮೆಚ್ಚತಕ್ಕ ವಿಷಯ. ಪ್ರತಿಯು ಇದೆಯೆಂಬ ನಂಬಿಕೆಯು ಬೇರೆ, ಪ್ರತಿಯು ಓದಲು ಬರುವುದೆಂಬ ಪ್ರಮಾಣವು ಬೇರೆ.

ಪ್ರಮಾಣದ ವಿಷಯದಲ್ಲಿ ನಮ್ಮ ಹಿಂದಿನವರು ಮಾಡಿದ ಏರ್ಪಾಡನ್ನು ನೆನೆದರೆ ಇಂದಿನ ಉಪಾಯವು ಸುಲಭವಾಗಿ ತಿಳಿಯುವುದು. ವೇದವನ್ನು ಬರೆಯದೆ ಬಾಯಿಯಿಂದ ಬಾಯಿಗೆ ಕೊಡುವಾಗ ಒಂದು ಸ್ವರವೂ ಜಾರಬಾರದೆಂದು ಹಲವು ಪಾಠಕ್ರಮಗಳನ್ನು ಕಟ್ಟಿದರು. ಪದಗಳಿಗೆ 1, 2, 3 ಎಂದು ಅಂಕೆಯಿಟ್ಟುಕೊಳ್ಳೋಣ. ಕ್ರಮಪಾಠದಲ್ಲಿ 1-2, 2-3, 3-4 ಎಂದು ನಡೆಯುವುದು. ಜಟಾಪಾಠದಲ್ಲಿ 1-2, 2-1, 1-2. ಘನಪಾಠದಲ್ಲಿ 1-2, 2-1, 1-2-3, 3-2-1, 1-2-3. ಇದರಲ್ಲಿ ಅರ್ಥದ ವಿಸ್ತಾರವೇನೂ ಇಲ್ಲ. ಒಂದೇ ಪದವು ಹಿಂದುಮುಂದಾಗಿ ಹಲವು ಸಲ ಬರುವುದರಿಂದ, ಒಂದೆಡೆ ತಪ್ಪಿದರೆ ಮತ್ತೊಂದೆಡೆ ಹೊಂದದೆ ತಪ್ಪು ಬಯಲಾಗುವುದು. ಓಲೆಯ ಬರೆಹಗಾರನಾದರೋ ಕಡೆಯ ಗರಿಯಲ್ಲಿ, ತಾನು ಕಂಡಂತೆ ಬರೆದಿರುವುದರಿಂದ ದೋಷವು ತನ್ನದಲ್ಲವೆಂದು ಕೈ ತೊಳೆದುಕೊಳ್ಳುತ್ತಿದ್ದನು. ಘನಪಾಠಿಗೆ ಹಾಗೆ ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ.

ಕಂಪ್ಯೂಟರಿನಲ್ಲಿ ಈ ಕಾರ್ಯವನ್ನು ಮಾಡುವುದು ಪರೀಕ್ಷಾಮುದ್ರೆ. ಒಂದು ಫೈಲು ಎಷ್ಟೇ ದೊಡ್ಡದಿರಲಿ, ಅದರ ಎಲ್ಲ ಅಂಶಗಳನ್ನೂ ಲೆಕ್ಕಕ್ಕೆ ಹಿಡಿದು 64 ಅಕ್ಷರಾಂಕಗಳ ಒಂದು ಮುದ್ರೆಯನ್ನು ಯಂತ್ರವು ಹೊರಡಿಸುವುದು. ಈ ಪದ್ಧತಿಗೆ ಶಾ-256 ಎಂದು ಹೆಸರು. ಫೈಲಿನಲ್ಲಿ ಒಂದು ಅಕ್ಷರವು ಬದಲಾದರೂ ಮುದ್ರೆಯು ಪೂರ್ತಿಯಾಗಿ ಬದಲಾಗುವುದು. ಮೂಲದ ಮುದ್ರೆಗಳ ಪಟ್ಟಿಯನ್ನು ಮಾಡಿಟ್ಟುಕೊಂಡು, ಪ್ರತಿಯ ಮುದ್ರೆಗಳೊಡನೆ ತಿಂಗಳಿಗೊಮ್ಮೆ ಹೋಲಿಸಿದರೆ, ಒಳಗೊಳಗೆ ಕೊಳೆತ ಫೈಲು ಯಾವುದೆಂದು ಗೊತ್ತಾಗುವುದು. ಇದು ಏಕೆ ಬೇಕೆಂದರೆ, ಆರ್‌ಸಿಂಕು ಸಾಮಾನ್ಯವಾಗಿ ಫೈಲಿನ ಗಾತ್ರವನ್ನೂ ತಿದ್ದಿದ ಹೊತ್ತನ್ನೂ ಮಾತ್ರ ಹೋಲಿಸುವುದು. ಗಾತ್ರವು ಬದಲಾಗದೆ ಒಳಗೆ ಕೆಟ್ಟಿದ್ದರೆ ಅದರ ಕಣ್ಣಿಗೆ ಬೀಳದು.

ಮುದ್ರೆಯ ಪರೀಕ್ಷೆಯನ್ನು ಸ್ಕ್ರಿಪ್ಟಿಗೆ ವಹಿಸಬಹುದು. ಆದರೆ ಒಂದು ಪರೀಕ್ಷೆಯನ್ನು ಮನೆಯವರೇ ಮಾಡಬೇಕು. ತಿಂಗಳಿಗೊಂದು ದಿನ, ನೆನಪಿರಲೆಂದು ಅಮಾವಾಸ್ಯೆಯೆಂದಿಟ್ಟುಕೊಳ್ಳಿರಿ, ಪ್ರತಿಯ ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ ಒಂದು ಚಿತ್ರವನ್ನು ತೆರೆದು ನೋಡುವುದು, ಒಂದು ಹಾಡನ್ನು ಕೊನೆಯವರೆಗೆ ಕೇಳುವುದು, ಪಹಣಿಯ ಪ್ರತಿಯಲ್ಲಿ ಸರ್ವೆ ನಂಬರು ಓದಲು ಬರುವುದೇ ಎಂದು ನೋಡುವುದು. ಕಾಲು ಗಂಟೆಯ ಕೆಲಸ. ಇದನ್ನು ಮನೆಯ ಗೃಹಿಣಿಯರು ವಹಿಸಿಕೊಂಡರೆ ತಪ್ಪದೆ ನಡೆಯುವುದೆಂದು ನನ್ನ ಅನುಭವ. ಗಂಡಸರು ಡಿಸ್ಕಿನ ಬೆಲೆಯನ್ನು ಚರ್ಚಿಸುವುದರಲ್ಲಿ ಹೆಚ್ಚು ಆಸಕ್ತರು.

ಡಿಸ್ಕುಗಳನ್ನಿಡುವ ಸ್ಥಳದ ವಿಷಯವಾಗಿ ಎರಡು ಮಾತು. ಬಲ್ಲವರು ಮೂರು, ಎರಡು, ಒಂದು ಎಂಬ ನಿಯಮವನ್ನು ಹೇಳುವರು: ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಮನೆಯ ಹೊರಗೆ. ನಮ್ಮ ಸೀಮೆಯ ಬೇಸಗೆಯಲ್ಲಿ ವಿದ್ಯುತ್ತು ಹೋಗಿ, ಒಮ್ಮೆಲೇ ಬಲವಾಗಿ ಬಂದು, ಜೋಡಿಸಿದ್ದ ಯಂತ್ರಗಳನ್ನೆಲ್ಲ ಒಟ್ಟಿಗೆ ಕೆಡಿಸುವುದುಂಟು. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ಕಾರ್ಯಕ್ರಮಗಳೂ ಜೋಡಿಸಿರುವ ಡಿಸ್ಕನ್ನು ಬಿಡುವುದಿಲ್ಲ. ಆದಕಾರಣ ಒಂದು ಡಿಸ್ಕಾದರೂ ಪ್ರತಿಯಾದ ಕೂಡಲೆ ಕಿತ್ತು ಪೆಟ್ಟಿಗೆಯನ್ನು ಸೇರಬೇಕು. ಹೊರಗಿನ ಪ್ರತಿಯನ್ನು ಕಲಬುರಗಿಯಲ್ಲೋ ಬೀದರಿನಲ್ಲೋ ಇರುವ ಮಗಳ ಮನೆಯಲ್ಲಿಟ್ಟು, ಹಬ್ಬಕ್ಕೆ ಬಂದಾಗಲೆಲ್ಲ ಹಳೆಯದನ್ನು ತಂದು ಹೊಸದನ್ನು ಒಯ್ಯುವಂತೆ ಮಾಡಬಹುದು. ಅದಕ್ಕೆ ಗುಪ್ತಪದದ ಬೀಗವನ್ನು ಹಾಕುವುದಾದರೆ ಆ ಪದವನ್ನು ಕಾಗದದ ಮೇಲೆ ಬರೆದು ಬೇರೆಡೆಯಲ್ಲಿಡಿರಿ. ಮರೆತ ಗುಪ್ತಪದವೂ ಸುಟ್ಟ ಡಿಸ್ಕೂ ಫಲದಲ್ಲಿ ಒಂದೇ.

ಕಾಗದದ ಮಾತು ಬಂದುದರಿಂದ ಇನ್ನೊಂದನ್ನು ಹೇಳಿ ನಿಲ್ಲಿಸುವೆನು. ಸ್ಕ್ರಿಪ್ಟನ್ನು ಬರೆದ ಹುಡುಗನು ನಾಳೆ ಉದ್ಯೋಗಕ್ಕೆಂದು ಬೆಂಗಳೂರಿಗೆ ಹೋಗುವನು. ಮನೆಯಲ್ಲಿ ಉಳಿದವರಿಗೆ ಆ ನಾಲ್ಕು ಸಾಲುಗಳು ಮಂತ್ರಾಕ್ಷರಗಳಂತೆ ಕಾಣುವುವು. ಆದುದರಿಂದ ಹೋಗುವ ಮುಂಚೆ ಅವನಿಂದ ಒಂದು ನೋಟುಪುಸ್ತಕದಲ್ಲಿ, ತಿಳಿಗನ್ನಡದಲ್ಲಿ, ಯಾವ ಫೋಲ್ಡರು ಎಲ್ಲಿಂದ ಎಲ್ಲಿಗೆ ಯಾವ ಹೊತ್ತಿಗೆ ಹೋಗುವುದು, ನಿಂತರೆ ಹೇಗೆ ಗೊತ್ತಾಗುವುದು, ಹೋದುದನ್ನು ಮರಳಿ ತರುವುದು ಹೇಗೆ ಎಂಬುದನ್ನು ಬರೆಯಿಸಿಕೊಳ್ಳಿರಿ. ಮರಳಿ ತರುವ ಕ್ರಮವನ್ನು ಅವನ ಎದುರಿನಲ್ಲಿಯೇ, ಅವನ ಸಹಾಯವಿಲ್ಲದೆ, ನೀವೇ ಒಮ್ಮೆ ಮಾಡಿ ನೋಡಿರಿ. ಫೋನಿನಲ್ಲಿರುವ ಚಿತ್ರಗಳನ್ನೂ ಧ್ವನಿಗಳನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳುವ ವಿಷಯವಾಗಿ ಕೆಲವರು ಕೇಳಿರುವರು. ಅದನ್ನು ಮುಂದಿನ ಸಂಚಿಕೆಯಲ್ಲಿ ಹೇಳುವೆನು. ಅಷ್ಟರೊಳಗೆ ಹಿರಿಯರ ಧ್ವನಿಯು ಫೋನಿನಲ್ಲಿ ಮಾತ್ರ ಇರುವವರು, ನನ್ನ ಬರೆಹಕ್ಕೆ ಕಾಯದೆ, ಅದನ್ನು ಮನೆಯ ಇನ್ನಿಬ್ಬರಿಗೆ ಈ ದಿನವೇ ಕಳುಹಿಸಿಡತಕ್ಕುದು.